ಗುಡ್ಡೆಗೆ ಬಿದ್ದ ಬೀಜ

ನನ್ನ ಹೆಸರು ನರಸಿಂಹಪ್ಪ, ಲೆಕ್ಕದ ಮೇಷ್ಟ್ರು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮಕ್ಕಳು ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ಸುಳ್ಳೇನಲ್ಲ. ತೆಲುಗು ನಾಡಿನ ಗಡಿಯಲ್ಲಿ, ಮಡಕಶಿರದಿಂದ ರೊಳ್ಳಕ್ಕೆ ಹೋಗುವ ದಾರಿಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಹದಿನೇಳು ವರ್ಷದಿಂದ ಇದ್ದೇನೆ. ಇಷ್ಟು ವರ್ಷದಲ್ಲಿ ನನ್ನ ಮುಖಕ್ಕೆ ಹೊಡೆದ ಹಾಗೆ ಮಾತಾಡಿ, ಕೊನೆಗೆ ನನ್ನ ಬಾಯಿಂದಲೇ "ನೀವು ಹೇಳಿದ್ದೇ ಸರಿ" ಅನ್ನಿಸಿದವರು ಒಬ್ಬರೇ. ನಮ್ಮ ಫಿಜಿಕಲ್ ಸೈನ್ಸ್ ಟೀಚರ್ ಉಜ್ಜಿನಮ್ಮ. ಅವರು ಬದುಕಿದ್ದಾರೆ, ಗಟ್ಟಿಯಾಗಿದ್ದಾರೆ, ನಾಳೆ ಬೆಳಿಗ್ಗೆ ಎಂಟೂವರೆಗೆ ಶಾಲೆಗೆ ಬರುತ್ತಾರೆ. ಆದರೂ ಅವರ ವಿಷಯ ಯಾರಾದರೂ ಬರೆದಿಡಬೇಕು. ಬೇರೆ ಯಾರೂ ಬರೆಯುವಂತೆ ಕಾಣಲಿಲ್ಲ, ನಾನೇ ಕೂತಿದ್ದೇನೆ.

ಏಪ್ರಿಲ್ ಕೊನೆಯಲ್ಲಿ ಹತ್ತನೇ ತರಗತಿಯ ಫಲಿತಾಂಶ ಬಂತು. ನಮ್ಮ ಕನ್ನಡ ಮಾಧ್ಯಮದಲ್ಲಿ ಇದ್ದದ್ದು ಹತ್ತೊಂಬತ್ತು ಮಕ್ಕಳು. ಹದಿನೆಂಟು ಪಾಸು. ಹೆಡ್‌ಮಾಸ್ಟರು ಖುಷಿಯಾಗಿ ಮಡಕಶಿರದಿಂದ ಮೈಸೂರುಪಾಕು ತರಿಸಿದ್ದರು. ನಾವೆಲ್ಲ ಒಂದಕ್ಕೆ ಎರಡು ತಿನ್ನುತ್ತಿದ್ದಾಗ ಉಜ್ಜಿನಮ್ಮ ಮೇಡಂ ಮಾತ್ರ ಮೂಲೆಯ ಕುರ್ಚಿಯಲ್ಲಿ ಮೊಬೈಲು ಹಿಡಿದುಕೊಂಡು ಒಂದೇ ಹೆಸರನ್ನು ನೋಡುತ್ತಿದ್ದರು. ರಾಧಿಕಾ. ಉಳಿದ ಎಲ್ಲದರಲ್ಲೂ ಪಾಸು, ಸೈನ್ಸಿನಲ್ಲಿ ನಾಲ್ಕು ಅಂಕ ಕಡಿಮೆ.

"ಹತ್ತೊಂಬತ್ತಕ್ಕೆ ಹದಿನೆಂಟು ಅಂದ್ರೆ ತೊಂಬತ್ನಾಲ್ಕು ಪರ್ಸೆಂಟಿಗೂ ಮೇಲೆ ಮೇಡಂ. ಸ್ವೀಟ್ ತಗಳ್ಳಿ," ಎಂದೆ.

"ಆ ಉಳಿದ ಒಂದು ನಂದ್ರಿ ಸರ್," ಎಂದರು. "ನನ್ನ ಸಬ್ಜೆಕ್ಟಿನಾಗ ಹೋಗೈತಿ."

ಮೈಸೂರುಪಾಕನ್ನು ಮುಟ್ಟಲಿಲ್ಲ. ನನಗೆ ರೇಗಿತು. ವರ್ಷವಿಡೀ ಜೀವ ತೇದು ಪಾಠ ಮಾಡಿದ್ದೇವೆ, ಒಂದು ದಿನ ನಗುನಗುತ್ತಾ ಇದ್ದರೆ ಇವರ ಗಂಟೇನು ಹೋಗುತ್ತದೆ ಅಂದುಕೊಂಡೆ.

ಈಕೆ ನಮ್ಮ ಕಡೆಯವರಲ್ಲ. ರಾಯದುರ್ಗದ ಆಚೆ, ಬಳ್ಳಾರಿಗೆ ಅಂಟಿಕೊಂಡಂತಿರುವ ಡಿ. ಹಿರೇಹಾಳ್ ಮಂಡಲದ ಒಂದು ಹಳ್ಳಿಯವರು. ಅಪ್ಪ ಸಣ್ಣಬಸಪ್ಪ ಕುರಿ ಕಾಯುತ್ತಿದ್ದರು, ಅವ್ವ ಕೂಲಿಗೆ ಹೋಗುತ್ತಿದ್ದರು. ಕನ್ನಡದಲ್ಲೇ ಹತ್ತನೇ ತರಗತಿ, ರಾಯದುರ್ಗದಲ್ಲಿ ಪಿಯುಸಿಗೆ ಸಮನಾದ ಇಂಟರ್ ಮತ್ತು ಡಿಗ್ರಿ, ಆಮೇಲೆ ಬಿ.ಎಡ್. ಡಿಎಸ್‌ಸಿ ಎಂಬ ಟೀಚರ್ ನೇಮಕದ ಪರೀಕ್ಷೆ ಬರೆದು ಕನ್ನಡ ಮಾಧ್ಯಮದ ಪೋಸ್ಟು ಸಿಕ್ಕಿದಾಗ ಹಾಕಿದ್ದು ಇಲ್ಲಿಗೆ, ನಮ್ಮ ಊರಿಗೆ. ಗಂಡ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಕಡೆ ಕೆಲಸದಲ್ಲಿದ್ದಾರೆ, ಮಗಳು ಅಲ್ಲೇ ಅಜ್ಜಿಯ ಹತ್ತಿರ ಓದುತ್ತಾಳೆ. ಮೇಡಂ ಇಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಹನ್ನೊಂದು ವರ್ಷ ಆಯಿತು. ಬೇಸಿಗೆ ರಜೆ ಒಂದೇ ಅವರು ಮಗಳ ಜೊತೆ ಇಡೀ ತಿಂಗಳು ಇರುವ ಕಾಲ.

ಬಂದ ಹೊಸದರಲ್ಲಿ ಅವರ ಮಾತು ಕೇಳಿ ಮಕ್ಕಳು ಕಿಸಕ್ಕನೆ ನಗುತ್ತಿದ್ದವು. ನಾವು ಕಡ್ಲೆಕಾಯಿ ಅಂದರೆ ಅವರು ಶೇಂಗಾ ಅನ್ನುತ್ತಾರೆ. "ಬರ್ರಿ, ಕುಂದರ್ರಿ" ಎಂದು ಏಳನೇ ಕ್ಲಾಸಿನ ಪುಟಾಣಿಗಳಿಗೂ ಮರ್ಯಾದೆ ಕೊಡುತ್ತಾರೆ. ಆದರೆ ಪಾಠಕ್ಕೆ ನಿಂತರೆ ನಗು ನಿಲ್ಲುತ್ತಿತ್ತು. ಅವರ ಹೆಸರು ಜಿಲ್ಲೆಗೆಲ್ಲ ಗೊತ್ತಾದದ್ದು ಆರು ಮೊರದಿಂದ. ನಮ್ಮ ಮನೆಗಳಲ್ಲಿ ಕಾಳು ಕೇರುವ ಅದೇ ಬಿದಿರಿನ ಮೊರ. ಒಂದೊಂದಕ್ಕೂ ಒಂದೊಂದು ಬಣ್ಣ ಬಳಿದು ಹೆಸರು ಬರೆದಿದ್ದರು: ಯಾಂತ್ರಿಕ ಶಕ್ತಿ, ಉಷ್ಣ ಶಕ್ತಿ, ಬೆಳಕಿನ ಶಕ್ತಿ, ಶಬ್ದ ಶಕ್ತಿ, ವಿದ್ಯುತ್ ಶಕ್ತಿ, ರಾಸಾಯನಿಕ ಶಕ್ತಿ. ಮಕ್ಕಳು ಮನೆಯಿಂದ ಏನೇನೋ ತರುತ್ತಿದ್ದವು. ಬೆಂಕಿಪೆಟ್ಟಿಗೆ, ಸೆಲ್ಲು, ಎತ್ತಿನ ಕೊರಳ ಗಂಟೆ, ಹಳೇ ಬಲ್ಬು, ಒಡೆದ ಫ್ಯಾನಿನ ಮೋಟಾರು. ತಂದದ್ದನ್ನು ಕೈಯಲ್ಲಿ ಹಿಡಿದು ನೋಡಿ ಅದರ ಮೊರಕ್ಕೆ ಹಾಕಬೇಕು. ಗಂಟೆ ಶಬ್ದಕ್ಕೆ, ಸೆಲ್ಲು ರಾಸಾಯನಿಕಕ್ಕೆ, ಮೋಟಾರು ವಿದ್ಯುತ್ತಿಗೆ. ಕಡ್ಲೆಬೀಜ ಆರಿಸಿದಷ್ಟೇ ಸಲೀಸು.

ಅವರು ಅದನ್ನು ಕಲಿತದ್ದೂ ಬೀಜ ಆರಿಸುತ್ತಲೇ. ಚಿಕ್ಕಂದಿನಲ್ಲಿ ಅವ್ವನ ಜೊತೆ ಕೂತು ಬಿತ್ತನೆಗೆ ಬೀಜ ಬೇರೆ ಮಾಡುತ್ತಿದ್ದರಂತೆ. ಜಿಲ್ಲಾ ಪ್ರದರ್ಶನಕ್ಕೆ ಮೊರಗಳನ್ನು ಕಳಿಸಿದ್ದು ನಾನೇ. ಬಂದ ಅಧಿಕಾರಿ ಒಂದೊಂದು ಮೊರವನ್ನೂ ಮುಟ್ಟಿ "ಚಾಲಾ ಬಾಗುಂದಮ್ಮಾ", ತುಂಬಾ ಚೆನ್ನಾಗಿದೆಯಮ್ಮಾ, ಎಂದು ತೆಲುಗಿನಲ್ಲಿ ಹೊಗಳಿದ್ದರು. ಪ್ರಶಸ್ತಿಪತ್ರಕ್ಕೆ ಗಾಜು ಹಾಕಿಸಿ ಸ್ಟಾಫ್ ರೂಮಿನ ಗೋಡೆಗೆ ತಗುಲಿಸಿದ್ದೂ ನಾನೇ.

ಫಲಿತಾಂಶ ಬಂದ ಮಾರನೇ ದಿನ ಮೇಡಂ ರಾಯದುರ್ಗದ ಬಸ್ಸು ಹತ್ತಲಿಲ್ಲ. ರಾಧಿಕಾಳನ್ನು ಹುಡುಕಿಕೊಂಡು ಹೋದರು. ಹುಡುಗಿ ಮನೆಯಲ್ಲಿರಲಿಲ್ಲ, ತಾಯಿ ರಂಗಕ್ಕನ ಜೊತೆ ಬಾಲರಾಜುವಿನ ಕಣದಲ್ಲಿದ್ದಳು. ಬಾಲರಾಜು ಊರಿನ ದೊಡ್ಡ ರೈತ. ಮುಂಗಾರಿಗೆ ಮುಂಚೆ ಅವನ ಶೀಟಿನ ಚಾವಡಿಯಲ್ಲಿ ಹದಿನೈದಿಪ್ಪತ್ತು ಹೆಂಗಸರು ಸಾಲಾಗಿ ಕೂತು ಬಿತ್ತನೆಗೆ ಕಡ್ಲೆಕಾಯಿ ಸುಲಿಯುತ್ತಾರೆ. ಮೆಷಿನ್ನಿಗೆ ಹಾಕಿದರೆ ಬೀಜದ ಸಿಪ್ಪೆ ಕಿತ್ತು ಹೋಗುತ್ತದೆ, ಮೊಳೆಯುವುದಿಲ್ಲ. ಅದಕ್ಕೆ ಕಾಯಿಯನ್ನು ಮರದ ಮಣೆಗೆ ಬಡಿದು ಕೈಯಲ್ಲೇ ಸುಲಿಯಬೇಕು.

ರಂಗಕ್ಕ ಮೇಡಂಗೆ ಗೋಣಿಚೀಲ ಹಾಸಿ ಕೂರಿಸಿದಳಂತೆ. ಮಾತು ಮಾತ್ರ ಕಡ್ಡಿ ಮುರಿದಂತೆ ಹೇಳಿದಳು.

"ಪಾಸಾಗಿದ್ರೆ ಓದ್ಸಾಣ ಅಂತ್ಲೇ ಇದ್ದೆ ಮೇಡಂ. ಆಗ್ಲಿಲ್ಲ. ಇವ್ರಪ್ಪ ಯರ್ರಪ್ಪ ಆಗ್ಲೇ ದೊಡ್ಬಳ್ಳಾಪುರದ ತಾವ ಕಟ್ಟಡದ ಕೆಲ್ಸಕ್ಕೆ ಓಗವ್ನೆ. ಬಿತ್ನೆ ಮುಗಿದ್ ಮ್ಯಾಲೆ ನಾವೂ ಓಗ್ಬೇಕು. ಮೇಸ್ತ್ರಿ ರವಿಶಂಕರ ಎಷ್ಟ್ ಜನ ಬತ್ತೀರಿ ಅಂತ ಫೋನ್ ಮಾಡಿದ್ದ. ಇಬ್ರು ಅಂದಿದೀನಿ."

"ಸಪ್ಲಿ ಪರೀಕ್ಷಿ ಐತಲ್ಲ ರಂಗಕ್ಕ. ಇನ್ನ ಇಪ್ಪತ್ತಾರು ದಿನ."

"ಬರ್ಕಳ್ಳಿ, ಬ್ಯಾಡ ಅಂದೋರ್ಯಾರು? ಪಾಸಾದ್ರೆ ಕಾಲೇಜಿಗೆ ಕಳಿಸ್ತೀನಿ, ಮಾತು ಅಂದ್ರೆ ಮಾತು. ಆದ್ರೆ ಕೆಲ್ಸ ಬಿಟ್ಟು ಮನ್ಯಾಗೆ ಕೂತ್ಕಂಡು ಓದ್ಲಿ ಅಂದ್ರೆ ನನ್ ಕೈಲಾಗಲ್ಲ."

"ಆಕಿ ಕೆಲಸ ಬಿಡಾದು ಬ್ಯಾಡ. ನಾನ ಇಲ್ಲಿಗೆ ಬರ್ತೀನಿ," ಎಂದರು ಮೇಡಂ. ಅವತ್ತೇ ಎದುರಿಗೆ ಕೂತು ಕಾಯಿ ಸುಲಿಯಲು ಶುರು ಮಾಡಿದರು.

ಈ ಸುದ್ದಿ ನನಗೆ ಮೂರನೇ ದಿನ ಮುಟ್ಟಿತು. ಹೈಸ್ಕೂಲ್ ಟೀಚರು ಕೂಲಿಯವರ ಜೊತೆ ಕಾಯಿ ಸುಲಿಯುತ್ತಾರೆ ಅಂತ ಊರೆಲ್ಲ ಮಾತು. ನನ್ನ ಮೈಯೆಲ್ಲ ಉರಿಯಿತು. ಹೆಡ್‌ಮಾಸ್ಟರು ಕೊಟ್ಟ ಯಾವುದೋ ಕಾಗದಕ್ಕೆ ಅವರ ಸಹಿಯೂ ಬೇಕಿತ್ತು. ಗಾಡಿ ತೆಗೆದುಕೊಂಡು ಕಣಕ್ಕೆ ಹೋದೆ.

ಬೆಳಿಗ್ಗೆ ಹನ್ನೊಂದಕ್ಕೇ ಶೀಟು ಕಾದು ಬಾಣಲೆಯಾಗಿತ್ತು. ಹೆಂಗಸರ ಸಾಲಿನ ನಡುವೆ ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಿದ್ದರು, ಪಕ್ಕದಲ್ಲಿ ರಾಧಿಕಾ. ಪ್ರತಿಯೊಬ್ಬರ ಮುಂದೆಯೂ ಮೂರು ಗುಡ್ಡೆ. ದುಂಡಗೆ ಸಿಪ್ಪೆ ಗಟ್ಟಿಯಾಗಿರುವುದು ಬಿತ್ತನೆಗೆ, ಸಿಪ್ಪೆ ಹರಿದದ್ದು ಅಡುಗೆಗೆ, ಸುಕ್ಕಾದದ್ದು ಗಾಣಕ್ಕೆ. ಬೆರಳಿಗೆ ಬೀಜ ಸಿಕ್ಕಿದೊಡನೆ ಅದು ಯಾವುದಕ್ಕೆ ಅಂತ ತೀರ್ಮಾನ ಆಗಬೇಕು. ಒಮ್ಮೆ ಗುಡ್ಡೆಗೆ ಹಾಕಿದ ಬೀಜವನ್ನು ಮತ್ತೆ ಎತ್ತುವಂತಿಲ್ಲ. ಎತ್ತಿದರೆ ಬಿತ್ತನೆ ಕೆಡುತ್ತದೆ ಎಂದು ಹಳಬರ ನಂಬಿಕೆ. ಎತ್ತಿ ಎತ್ತಿ ನೋಡುತ್ತಾ ಕೂತರೆ ಕೆಲಸ ಸಾಗುವುದಿಲ್ಲ ಎಂಬುದು ಬಾಲರಾಜುವಿನ ಲೆಕ್ಕ. ಎರಡೂ ಸೇರಿ ಅದು ನಮ್ಮ ಕಡೆಯ ಕಣಗಳಲ್ಲಿ ಕಟ್ಟಳೆಯಾಗಿದೆ. ನಮ್ಮ ಮಕ್ಕಳು ಅಆಇಈ ಕಲಿಯುವ ಮೊದಲೇ ಇದನ್ನು ಕಲಿತಿರುತ್ತವೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಕೈಯೆತ್ತಿ ಸುಮ್ಮನಿರಿ ಎಂದು ಸನ್ನೆ ಮಾಡಿದರು. ರಾಧಿಕಾಳನ್ನು ಏನೋ ಕೇಳುತ್ತಿದ್ದರು.

"ಪರೀಕ್ಷಿನಾಗ ಮೋಟಾರಿನ ಪ್ರಶ್ನಿ ಬಂದಿತ್ತಲ್ಲ. ಏನ್ ಬರದಿ?"

"ಮೋಟಾರು, ವಿದ್ಯುತ್ ಶಕ್ತಿ ಅಂತ ಬರ್ದೆ ಮೇಡಂ."

"ಆಮ್ಯಾಲೆ?"

"ಅಷ್ಟೇ."

"ಆ ಶಕ್ತಿ ಯಾವ ಶಕ್ತಿಯಾಗಿ ಬದಲಾಗ್ತದ ಅಂತ ಕೇಳಿದ್ರಲ್ಲವ್ವ?"

ರಾಧಿಕಾ ಸುಲಿಯುವುದನ್ನು ನಿಲ್ಲಿಸಲಿಲ್ಲ. ಇಷ್ಟು ಗೊತ್ತಿಲ್ಲವೇ ಎಂಬಂತೆ ಹೇಳಿದಳು. "ಬದಲಾಗಾದು ಎಂಗೆ ಮೇಡಂ? ಮೋಟಾರನ್ನ ವಿದ್ಯುತ್ತಿನ ಮೊರಕ್ಕೆ ಹಾಕಿದ್ವಲ್ಲ. ಹಾಕಿದ್ ಮ್ಯಾಲೆ ಎತ್ತಂಗಿಲ್ಲ."

ಸಾಲಿನಲ್ಲಿದ್ದ ಹೆಂಗಸರು ಹೌದು ಹೌದು ಎಂದು ತಲೆಯಾಡಿಸಿದರು. ಅವರಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ಉಜ್ಜಿನಮ್ಮ ಮೇಡಂ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. ಮುಖ ಬಾಡಿ ಹೋಯಿತು. ಅವರನ್ನು ಹಾಗೆ ನಾನು ಯಾವತ್ತೂ ನೋಡಿರಲಿಲ್ಲ.

"ಹನ್ನೊಂದು ವರ್ಷ ಆತ್ರಿ ಸರ್," ಎಂದರು ನನ್ನ ಕಡೆ ತಿರುಗಿ. "ಹನ್ನೊಂದು ವರ್ಷದಿಂದ ನಾನು ಇದನ್ನ ಕಲಿಸೀನಿ."

"ಉಳಿದೋರೆಲ್ಲ ಪಾಸಾಗಿಲ್ವಾ ಮೇಡಂ? ಈ ಹುಡ್ಗಿ ಗ್ರಹಿಕೆ ಅಷ್ಟೇ," ಎಂದೆ. ಸಮಾಧಾನ ಮಾಡಲು ಹೋಗಿ ಆಡಿದ ಮಾತು. ಹುಡುಗಿ ಎದುರಿಗೇ ಇದ್ದಾಳೆ ಎಂಬುದು ನೆನಪಿಗೆ ಬರಲಿಲ್ಲ.

ರಾಧಿಕಾ ತಲೆಯೆತ್ತಿದಳು. "ನಾನು ಸಿ ಗ್ರೂಪು ಅಲ್ವಾ ಸಾರ್. ನಿಮಗೆ ದೊಡ್ಡ ಪ್ರಶ್ನೆ ಬ್ಯಾಡ, ಹೆಸ್ರು ಬಾಯಿಪಾಠ ಮಾಡ್ಕಳ್ಳಿ ಸಾಕು ಅಂತ ನೀವೇ ಹೇಳಿದ್ರಿ."

ಹೇಳಿದ್ದೆ. ಡಿಸೆಂಬರಿನಲ್ಲಿ ಹತ್ತನೇ ತರಗತಿಯನ್ನು ಎ, ಬಿ, ಸಿ ಎಂದು ಮೂರು ಗುಂಪು ಮಾಡಿ ಪಟ್ಟಿ ಬರೆದವನು ನಾನು. ಕ್ಲಾಸ್ ಟೀಚರ್ ನಾನಲ್ಲವೇ? ಸಿ ಗುಂಪಿನವರಿಗೆ ಪಾಸಾಗುವಷ್ಟು ಕಲಿಸಿದರೆ ಸಾಕು ಎಂದು ಎಲ್ಲ ಟೀಚರುಗಳಿಗೂ ಹೇಳಿದ್ದೆ. ಪಟ್ಟಿ ಮಾಡಲು ನನಗೆ ಹಿಡಿದದ್ದು ಅರ್ಧ ಗಂಟೆ. ಹೆಸರು ನೋಡಿದೊಡನೆ ಯಾರು ಯಾವುದಕ್ಕೆ ಅಂತ ತೀರ್ಮಾನ ಆಗಿಬಿಟ್ಟಿತ್ತು. ಡಿಸೆಂಬರಿನಿಂದ ಮಾರ್ಚಿನವರೆಗೆ ಆ ಪಟ್ಟಿಯಲ್ಲಿ ಒಂದು ಹೆಸರೂ ಆಚೀಚೆ ಆಗಲಿಲ್ಲ.

"ನೀವು ಮೂರು ಗುಡ್ಡಿ ಹಾಕಿದ್ರಿ ಸರ್, ನಾನು ಆರು," ಎಂದರು ಮೇಡಂ. ದನಿಯಲ್ಲಿ ಕೋಪವೂ ಇರಲಿಲ್ಲ. ಅದಕ್ಕೇ ಇನ್ನೂ ಚುಚ್ಚಿತು. ಅಷ್ಟು ಹೆಂಗಸರ ಮುಂದೆ ನನ್ನ ಮಾನ ಹರಾಜಾಯಿತು ಅನ್ನಿಸಿ, ಸಹಿಯನ್ನೂ ಹಾಕಿಸಿಕೊಳ್ಳದೆ ಗಾಡಿ ಒದ್ದು ಹೊರಟುಬಿಟ್ಟೆ. ಮನೆಗೆ ಹೋಗಿ ಊಟ ಬಿಟ್ಟೆ. ಹೆಂಡತಿ ಏನಾಯಿತು ಎಂದು ಕೇಳಿದ್ದಕ್ಕೆ ಅವಳ ಮೇಲೂ ಎಗರಾಡಿದೆ.

ಎರಡು ದಿನ ಬಿಗುಮಾನ ಮಾಡಿದೆ. ಮೂರನೇ ದಿನ ತಡೆಯಲಿಲ್ಲ. ಸಹಿ ಬೇಕಲ್ಲ ಎಂದು ನನಗೆ ನಾನೇ ನೆಪ ಹೇಳಿಕೊಂಡು ಮತ್ತೆ ಕಣಕ್ಕೆ ಹೋದೆ. ಹೋಗಿ ನೋಡಿದರೆ ಅಲ್ಲಿ ಜಗಳ ನಡೆಯುತ್ತಿತ್ತು.

ಮೇಡಂ ಶಾಲೆಯ ಆರು ಮೊರಗಳನ್ನೂ ತಂದು ಚಾವಡಿಯ ನಡುವೆ ದುಂಡಗೆ ಜೋಡಿಸಿದ್ದರು. ಬಾಲರಾಜು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ.

"ಏನಮ್ಮಾ ಇದು? ಇದು ಕಣಾನೋ ಸ್ಕೂಲೋ? ಬಿತ್ನೆ ಬೀಜ ಎತ್ತೆತ್ತಿ ಆಟ ಆಡ್ಸಿದ್ರೆ ನಮ್ ಬೆಳೆ ಏನಾಗ್ಬೇಕು?"

"ಗುಡ್ಡಿಗೆ ಬಿದ್ದ ಬೀಜ ನಾನು ಮುಟ್ಟಂಗಿಲ್ರಿ ಬಾಲರಾಜಣ್ಣ," ಎಂದರು ಮೇಡಂ. "ನಿಮ್ಮ ಕಟ್ಟಳಿ ನಿಮಗಿರ್ಲಿ. ಒಂದೇ ಒಂದು ಬೀಜ ಕೊಡ್ರಿ. ಅದು ಇನ್ನ ಯಾವ ಗುಡ್ಡಿಗೂ ಬಿದ್ದಿರಬಾರದು. ನಾನು ನಿಮಗ ದಿನಾ ಪುಗಸಟ್ಟೆ ಸುಲ್ಕೊಡಾಕತ್ತೀನಲ್ಲ, ಅದಕ್ಕ ಒಂದು ಬೀಜ."

ಹೆಂಗಸರು ಗೊಳ್ಳೆಂದು ನಕ್ಕರು. ಬಾಲರಾಜು ಏನೋ ಗೊಣಗಿಕೊಂಡು ಬೇವಿನ ಮರದ ಕೆಳಗೆ ಹೋಗಿ ಬೀಡಿ ಹಚ್ಚಿದ. ಮೇಡಂ ಆಗ ತಾನೇ ಸುಲಿದ ಒಂದು ಬೀಜವನ್ನು ರಾಧಿಕಾಳ ಅಂಗೈಯಲ್ಲಿ ಇಟ್ಟರು.

"ಇದು ಎಲ್ಲಿಂದ ಬಂತವ್ವ?"

"ಹೊಲದಿಂದ."

"ಹೊಲಕ್ಕ?"

ಹುಡುಗಿ ಯೋಚಿಸಿದಳು. "ಬಿಸ್ಲಿಂದ. ಎಲೆ ಬಿಸ್ಲು ಕುಡಿದ್ರೆ ಕಾಯಿ ಕಟ್ಟುತ್ತೆ."

"ಹಂಗಾದ್ರ ಬೆಳಕಿನ ಮೊರದಿಂದ ಶುರು ಮಾಡು. ಮೊರದಾಗ ಹಾಕಬ್ಯಾಡ, ಮುಟ್ಟಿಸಿ ಮುಂದ ಹೋಗು. ಕೈಯಾಗಿಂದ ಬೀಜ ಬಿಡಬಾರದು."

ರಾಧಿಕಾ ಬೀಜವನ್ನು ಬೆಳಕಿನ ಮೊರಕ್ಕೆ ಮುಟ್ಟಿಸಿದಳು, ಆಮೇಲೆ ರಾಸಾಯನಿಕಕ್ಕೆ ಮುಟ್ಟಿಸಿದಳು. ಅಲ್ಲಿಗೆ ಬಂದು ಅವಳ ಬೆರಳು ತನ್ನಷ್ಟಕ್ಕೇ ಸಡಿಲವಾಗಿ ಬೀಜ ಮೊರದೊಳಗೆ ಬಿತ್ತು. ಬಿದ್ದದ್ದನ್ನು ನೋಡುತ್ತಾ ನಿಂತಳು. ಎತ್ತಲು ಅವಳಿಗೆ ಕೈ ಬರಲಿಲ್ಲ. ಚಿಕ್ಕ ವಯಸ್ಸಿನಿಂದ ಎಷ್ಟು ಸಲ ಆ ಕೈಗೆ ಏಟು ಬಿದ್ದಿತ್ತೋ ಏನೋ.

ಮೇಡಂ ಅದನ್ನು ಎತ್ತಿಕೊಡಲಿಲ್ಲ, ಬೈಯಲೂ ಇಲ್ಲ. ಇನ್ನೊಂದು ಬೀಜ ಕೊಟ್ಟರು. ಅದೂ ಬಿತ್ತು. ಮತ್ತೊಂದು ಕೊಟ್ಟರು. ಅವತ್ತು ಮಧ್ಯಾಹ್ನದೊಳಗೆ ಒಂಬತ್ತು ಬೀಜ ರಾಸಾಯನಿಕದ ಮೊರದಲ್ಲಿ ಬಿದ್ದವು. ಒಂದು ಬೀಜ ಅಂದಿದ್ದರಲ್ಲ ಎಂದು ಬಾಲರಾಜು ಮರದ ಕೆಳಗಿನಿಂದಲೇ ಎಣಿಸುತ್ತಿದ್ದ.

ಬುತ್ತಿ ಬಿಚ್ಚಿ ಕೂತಾಗ ಮೇಡಂ ನನಗೊಂದು ವಿಷಯ ಹೇಳಿದರು. ಅವರಿಗೆ ಎಂಟು ವರ್ಷವಿದ್ದಾಗ ಅವ್ವ ಬೀಸುವ ಕಲ್ಲಿನಲ್ಲಿ ಜೋಳ ಬೀಸಿ ಎದ್ದ ಮೇಲೆ ಇವರು ಹಿಟ್ಟು ಬಳಿಯಲು ಹೋಗಿ ಕಲ್ಲು ಮುಟ್ಟಿದರಂತೆ. ಕಲ್ಲು ಬೆಚ್ಚಗಿತ್ತು. ಬೆಂಕಿ ಇಲ್ಲ, ಬಿಸಿಲಿಲ್ಲ, ಬೆಚ್ಚಗೆ ಯಾಕಾಯಿತು ಎಂದು ಸಿಕ್ಕಿದವರನ್ನೆಲ್ಲ ಕೇಳಿದರಂತೆ. ಯಾರಿಗೂ ಗೊತ್ತಿರಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಒಬ್ಬ ಮೇಷ್ಟ್ರು ಹೇಳಿದರು, ನಿಮ್ಮವ್ವ ತಿಂದ ರೊಟ್ಟಿಯ ಶಕ್ತಿ ಅವರ ತೋಳಿಗೆ ಬಂತು, ತೋಳಿನದು ಕಲ್ಲಿಗೆ ಹೋಗಿ ಶಾಖವಾಯಿತು ಎಂದು.

"ಅವತ್ತ ನಾನು ಸೈನ್ಸ್ ಓದಬೇಕು ಅನ್ಕೊಂಡೆರಿ ಸರ್. ಶಕ್ತಿ ಒಂದ ಕಡೆ ಕುಂದ್ರಂಗಿಲ್ಲ ಅನ್ನೋದಕ್ಕ. ನನಗ ಇಷ್ಟ ಆಗಿದ್ದ ಅದು. ಟೀಚರ್ ಆದಮ್ಯಾಲ ಹೆಸರು ಕಲ್ಸಾಕ ಸಸಾರ ಅಂತ ಮೊರ ತಂದೆ. ಅವ್ವನ ಕಲ್ಲು ಮರತೆ. ನನಗ ನಾಚಿಕಿ ಆಗ್ತೈತ್ರಿ." ಹೀಗೆ ಹೇಳಿ ತಟ್ಟೆಯಲ್ಲಿದ್ದ ಮುದ್ದೆಯನ್ನು ನೋಡುತ್ತಾ ಕೂತರು. ಆಮೇಲೆ ತಾವೇ ಎದ್ದರು. "ಇನ್ನ ಇಪ್ಪತ್ತು ದಿನ ಐತಿ. ನೀವು ಸುಮ್ನ ಕುಂದ್ರಬ್ಯಾಡ್ರಿ. ಈಕಿಗೆ ವಿದ್ಯುತ್ತಿನ ಲೆಕ್ಕ ಹೇಳ್ಕೊಡ್ರಿ."

ನನಗೆ ಅಪ್ಪಣೆ ಕೊಟ್ಟವರು ಕಡಿಮೆ. ಆದರೂ ಕೂತೆ. ಓಮನ ನಿಯಮದ ಲೆಕ್ಕಗಳನ್ನು ಗೋಣಿಚೀಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯುವ ಗತಿ ನನಗೆ ಬರುತ್ತದೆ ಎಂದು ಯಾವ ಜ್ಯೋತಿಷಿಯೂ ಹೇಳಿರಲಿಲ್ಲ.

ಒಬ್ಬಳೇ ಮಾಡಿದರೆ ಕೈ ಸಡಿಲವಾಗುತ್ತದೆ ಎಂದು ಮಾರನೇ ದಿನ ಮೇಡಂ ಇಡೀ ಸಾಲನ್ನು ಪಾಠಕ್ಕೆ ಎಳೆದರು. ಒಂದು ಬೀಜ ಕೈಯಿಂದ ಕೈಗೆ ಹೋಗಬೇಕು. ಸಿಕ್ಕಿದವರು ಅದು ಈಗ ಯಾವ ಶಕ್ತಿ ಎಂದು ಹೇಳಿ ಮುಂದಿನವರಿಗೆ ದಾಟಿಸಬೇಕು. ಮೊದಲನೆಯವಳು ಬಿಸಿಲು, ಬೆಳಕಿನ ಶಕ್ತಿ ಎಂದಳು. ಎರಡನೆಯವಳು ಬೀಜ, ರಾಸಾಯನಿಕ ಎಂದಳು. ಮೂರನೆಯವಳು ಮಂಗಳಾ, ಚೇಷ್ಟೆಯ ಹೆಂಗಸು. ಬೀಜವನ್ನು ಬಾಯಿಗೆ ಹಾಕಿಕೊಂಡು ಅಗಿದುಬಿಟ್ಟಳು.

"ಮುಗೀತು ಮೇಡಂ ನಿಮ್ ಶಕ್ತಿ. ನನ್ ಹೊಟ್ಟೆ ಸೇರ್ತು," ಎಂದಳು.

ಎಲ್ಲರೂ ನಗುತ್ತಿದ್ದಾಗ ರಾಧಿಕಾ ಮಾತ್ರ ನಗಲಿಲ್ಲ. ಮಂಗಳಾಳ ಕೈಯನ್ನೇ ನೋಡುತ್ತಿದ್ದಳು. ಆ ಕೈ ಆಗಲೇ ಮುಂದಿನ ಕಾಯಿಯನ್ನು ಹಿಡಿದು ಮಣೆಗೆ ಬಡಿಯುತ್ತಿತ್ತು.

"ಮುಗ್ದಿಲ್ಲ," ಎಂದಳು ರಾಧಿಕಾ ಮೆಲ್ಲಗೆ. "ಅಕ್ಕನ್ ಕೈಗ್ ಬಂತು. ಯಾಂತ್ರಿಕ. ಬಡಿತಾಳಲ್ಲ, ಅದು ಶಬ್ದ." ಎದ್ದು ಹೋಗಿ ಮಣೆಯನ್ನು ಮುಟ್ಟಿ ನೋಡಿದಳು. "ಮಣೆ ಬೆಚ್ಚಗೈತೆ ಮೇಡಂ. ಉಷ್ಣ."

ಈ ಬಿಸಿಲಿಗೆ ಎಲ್ಲ ಮಣೆಯೂ ಬೆಚ್ಚಗೇ ಇರುತ್ತದೆ ಎಂದು ಹೇಳಲು ನನ್ನ ನಾಲಿಗೆ ತುದಿಗೆ ಬಂದಿತ್ತು. ಮೇಡಂ ನನ್ನನ್ನು ದುರುಗುಟ್ಟಿ ನೋಡಿದರು. ಬಾಯಿ ಮುಚ್ಚಿಕೊಂಡೆ. ಅವರ ಕಣ್ಣು ತುಂಬಿತ್ತು.

ಅಲ್ಲಿಂದ ಮುಂದೆ ಹುಡುಗಿಯನ್ನು ಹಿಡಿಯಲಾಗಲಿಲ್ಲ. ಬಾಲರಾಜುವಿನ ಬೋರ್‌ವೆಲ್ಲಿನ ಹತ್ತಿರ ಹೋಗಿ ವಿದ್ಯುತ್ತು ಮೋಟಾರಿಗೆ, ಮೋಟಾರು ನೀರೆತ್ತುವುದಕ್ಕೆ ಎಂದು ಬೆರಳು ಮಡಚಿದಳು. ಹಾಗೆಯೇ ಸಾಲಿನ ಹೆಂಗಸರೂ ಕಲಿತರು. ಒಬ್ಬಾಕೆ ಮನೆಗೆ ಹೋಗಿ ಗಂಡನಿಗೆ ಮೊಬೈಲು ಚಾರ್ಜು ಮಾಡುವಾಗ ಬಿಸಿಯಾಗುವುದು ಯಾಕೆ ಎಂದು ವಿವರಿಸಿದಳಂತೆ. ಅವನು ಮಾರನೇ ದಿನ ಬಂದು ನಮ್ಮ ಮನೆಯವಳಿಗೆ ಏನು ಮಾಡಿದ್ರಿ ಎಂದು ನನ್ನನ್ನು ಕೇಳಿದ.

ರಾಯದುರ್ಗದಿಂದ ದಿನಾ ಫೋನು ಬರುತ್ತಿತ್ತು. ಮಗಳು ಅಮ್ಮನ ಮೇಲೆ ಮುನಿಸಿಕೊಂಡಿದ್ದಳು. ಮೇಡಂ ಚಾವಡಿಯ ಆಚೆ ಹೋಗಿ ಬಿಸಿಲಿನಲ್ಲಿ ನಿಂತು ಸಮಾಧಾನ ಮಾಡುತ್ತಿದ್ದರು. ಒಂದು ಭಾನುವಾರ ನಾನೇ ಹೇಳಿದೆ, ನಾಲ್ಕು ದಿನ ಹೋಗಿ ಬನ್ನಿ, ಲೆಕ್ಕ ಹೇಗೂ ನಾನು ನೋಡಿಕೊಳ್ಳುತ್ತೇನೆ ಎಂದು.

"ಪರೀಕ್ಷಿ ಮುಗಿದ ಸಂಜಿ ಬಸ್ಸು ಹತ್ತತೀನ್ರಿ," ಎಂದರು. ಆ ಮಾತಿನ ಮೇಲೆ ಮಾತಿಲ್ಲ.

ಸಪ್ಲಿ ಪರೀಕ್ಷೆಯ ದಿನ ರಾಧಿಕಾಳನ್ನು ಮಡಕಶಿರದ ಸೆಂಟರಿಗೆ ನನ್ನ ಗಾಡಿಯಲ್ಲೇ ಕರೆದುಕೊಂಡು ಹೋದೆ. ಮೇಡಂ ಮೊದಲೇ ಬಸ್ಸಿನಲ್ಲಿ ಹೋಗಿ ಗೇಟಿನಲ್ಲಿ ನಿಂತಿದ್ದರು. ಬೆಲ್ಲು ಹೊಡೆದು ಹುಡುಗಿ ಹೊರಗೆ ಬಂದಾಗ ಮುಖ ಪೆಚ್ಚಾಗಿತ್ತು.

"ಮೋಟಾರು ಬಂದಿಲ್ಲ ಮೇಡಂ," ಎಂದಳು. "ಜನರೇಟರ್ ಕೇಳವ್ರೆ. ನಾವು ಅದನ್ನ ಮಾಡೇ ಇಲ್ಲ."

ಇಪ್ಪತ್ತು ದಿನ ಆರು ಮೊರ ಹಿಡಿದುಕೊಂಡು ಕೂತವರಿಗೆ ಜನರೇಟರ್ ಹೊಳೆಯಲಿಲ್ಲವಲ್ಲ ಎಂದು ನನ್ನ ಪಿತ್ತ ನೆತ್ತಿಗೇರಿತು. ಮೇಡಂ ಮಾತ್ರ ಸಾವಧಾನವಾಗಿ ಕೇಳಿದರು, "ಬಿಟ್ಟು ಬಂದ್ಯಾ?"

"ಇಲ್ಲ. ಬಲ ಕೊಟ್ಟು ತಿರುಗ್ಸಿದ್ರೆ ಕರೆಂಟು ಬರುತ್ತೆ ಅಂತ ಪ್ರಶ್ನೇಲೇ ಇತ್ತು. ಮೋಟಾರಿನ ಬೀಜಾನ ಹಿಂದಕ್ಕೆ ಕಳಿಸ್ದೆ. ಯಾಂತ್ರಿಕದಿಂದ ವಿದ್ಯುತ್ತಿಗೆ. ಸರೀನಾ ಮೇಡಂ?"

ಮೇಡಂ ರಸ್ತೆಯಲ್ಲೇ ಹುಡುಗಿಯ ತಲೆಯನ್ನು ಎದೆಗೆ ಒತ್ತಿಕೊಂಡರು. ಆಮೇಲೆ ನೇರ ಬಸ್ ಸ್ಟ್ಯಾಂಡಿಗೆ ಹೋದರು. ಹಿಂದಕ್ಕೆ ಕಳಿಸುವುದನ್ನು ಅವರು ಕಲಿಸಿರಲಿಲ್ಲ, ನಾನೂ ಕಲಿಸಿರಲಿಲ್ಲ.

ಫಲಿತಾಂಶ ಬಂದ ಹೊತ್ತಿಗೆ ಶಾಲೆ ತೆರೆದಿತ್ತು, ಒಂದು ಹದ ಮಳೆಯೂ ಬಿದ್ದಿತ್ತು. ಮೊಬೈಲಿನಲ್ಲಿ ನಂಬರು ಹಾಕಿದ್ದು ನಾನು. ಸೈನ್ಸಿನಲ್ಲಿ ಬೇಕಾದದ್ದಕ್ಕಿಂತ ಹದಿನೇಳು ಅಂಕ ಜಾಸ್ತಿ. ಮೇಡಂ ಪರದೆಯನ್ನು ಎರಡು ಸಲ ನೋಡಿದರು. ಎದ್ದು ಗೋಡೆಯಿಂದ ಆ ಗಾಜಿನ ಪ್ರಶಸ್ತಿಪತ್ರ ಇಳಿಸಿ ಬೀರುವಿನ ಹಿಂದೆ ಇಟ್ಟರು. ನಾನು ಬೇಡ ಅನ್ನಲಿಲ್ಲ. ಡಿಸೆಂಬರಿನ ನನ್ನ ಪಟ್ಟಿಯ ನಕಲೊಂದು ಮೇಜಿನ ಡ್ರಾಯರಿನಲ್ಲಿತ್ತು. ಹರಿದು ಬುಟ್ಟಿಗೆ ಹಾಕಿದೆ. ಈ ವರ್ಷ ಪಟ್ಟಿ ಕೇಳಿದರೆ ಹೆಡ್‌ಮಾಸ್ಟರಿಗೆ ಏನು ಹೇಳಬೇಕು ಎಂದು ಆಗಲೇ ಯೋಚಿಸಿಟ್ಟುಕೊಂಡಿದ್ದೇನೆ. ಜಗಳ ಆಗುತ್ತದೆ. ಆಗಲಿ.

ಇಬ್ಬರೂ ಸುದ್ದಿ ಹೇಳಲು ಹೋದಾಗ ರಂಗಕ್ಕ ಬಾಲರಾಜುವಿನ ಹೊಲದಲ್ಲಿ ಕೂರಿಗೆಯ ಹಿಂದೆ ಬೀಜ ಬಿಡುತ್ತಿದ್ದಳು. ತಾವು ಆರಿಸಿದ ಅದೇ ಬಿತ್ತನೆ ಬೀಜ. ಪಕ್ಕದ ಸಾಲಿನಲ್ಲಿ ರಾಧಿಕಾ ಇದ್ದಳು. ಮೇಡಂ ಬದುವಿನ ಮೇಲಿನಿಂದಲೇ ಕೂಗಿ ಹೇಳಿದರು. ರಂಗಕ್ಕ ಎತ್ತು ನಿಲ್ಲಿಸಲು ಹೇಳಿ, ಮಗಳ ಮುಖವನ್ನೊಮ್ಮೆ ನಮ್ಮ ಮುಖವನ್ನೊಮ್ಮೆ ನೋಡಿದಳು. ನಕ್ಕಳೋ ಅತ್ತಳೋ ಅಷ್ಟು ದೂರಕ್ಕೆ ನನಗೆ ಕಾಣಲಿಲ್ಲ. ಆಮೇಲೆ ಬದುವಿನ ತನಕ ನಡೆದು ಬಂದಳು.

ಮಡಕಶಿರದ ಹಾಸ್ಟೆಲಿನಲ್ಲಿ ಸೀಟಿನ ವಿಚಾರ ಮಾತಾಡಿಕೊಂಡು ಬಂದಿದ್ದೇನೆ, ಸೋಮವಾರ ಹೋಗಿ ಸೇರಿಸಬೇಕು ಎಂದು ಮೇಡಂ ಹೇಳುತ್ತಿದ್ದರು. ಅಷ್ಟರಲ್ಲಿ ರಂಗಕ್ಕನ ಸೊಂಟದಲ್ಲಿದ್ದ ಫೋನು ಹೊಡೆದುಕೊಂಡಿತು. ಮಣ್ಣಿನ ಕೈಯನ್ನು ಸೀರೆಗೆ ಒರೆಸಿ ಎತ್ತಿದಳು. ಮೇಸ್ತ್ರಿ ರವಿಶಂಕರ. ಗಟ್ಟಿ ಗಂಟಲಿನವನು; ಶನಿವಾರ ಗಾಡಿ ಬರುತ್ತದೆ, ಇಬ್ಬರೂ ಸಾಮಾನು ಕಟ್ಟಿಕೊಂಡಿರಿ ಎಂದದ್ದು ಬದುವಿನ ಮೇಲಿದ್ದ ನಮಗೂ ಕೇಳಿಸಿತು.

"ಇಬ್ರು ಅಂದಿದ್ದೆ ಕಣಪ್ಪ," ಎಂದಳು ರಂಗಕ್ಕ. "ಈಗ ಇಲ್ಲ. ನಾನೊಬ್ಳೇ ಬತ್ತೀನಿ."